ಕಿಟಕಿ ಪಕ್ಕದ ಟೇಬಲ್, ಆರೂ ಮುಕ್ಕಾಲು

ಜೂನ್ 3, ಶನಿವಾರ. ಬೆಳಿಗ್ಗೆ ಹನ್ನೊಂದು

ಮತ್ತೆ ಅದೇ ಕಾಫಿ ಶಾಪ್. ಮದುವೆಯಾದ ಮೇಲೆ ಐದನೇ ಶನಿವಾರ, ಐದನೇ ಆಮ್ಲೆಟ್. ನನ್ನ ಕಾಫಿಯ ನೊರೆಯನ್ನು ಇವನ ಮೀಸೆಗೆ ಹಚ್ಚಿ ಫೋಟೋ ತೆಗೆದೆ. ಇಷ್ಟು ಚೆಂದದ ಗಂಡ ಬೇರೆ ಯಾರಿಗಾದರೂ ಸಿಕ್ಕಿರಬಹುದಾ... ಇರಲಿ. ಬರೆಯಲು ಕೂತದ್ದು ಅದಕ್ಕಲ್ಲ.

ಶನಿವಾರ ಕೌಂಟರಿನಲ್ಲಿ ಇರುವವಳು ಇವತ್ತು ರಜೆ. ವಾರದ ದಿನಗಳ ಆಂಟಿ ಬಂದಿದ್ದರು. ನಾನು ಅವರನ್ನು ನೋಡಿದ್ದೇ ಮೊದಲ ಸಲ. ಇವನು ಕೂತದ್ದೇ ತಡ, ಬಾಯಿ ಬಿಡುವ ಮೊದಲೇ ಸ್ಟ್ರಾಂಗ್ ಕಾಫಿ ತಂದಿಟ್ಟರು.

“ಏನ್ ಸರ್, ಇವತ್ತು ಲೇಟು,” ಎಂದರು.

ಇವನ ಕಿವಿ ಕೆಂಪಾಯಿತು.

“ನೀನು ಗೊತ್ತೇನೋ ಅವರಿಗೆ?”

“ಎಲ್ಲರಿಗೂ ಹಾಗೇ ಅಂತಾರೆ ಕಣೇ. ಆಮ್ಲೆಟ್ ಆರಿ ಹೋಗುತ್ತೆ, ತಿನ್ನು.”

ಎಲ್ಲರಿಗೂ ಅನ್ನಲಿಲ್ಲ. ಆಮೇಲೆ ಬಂದ ಮೂರು ಟೇಬಲಿನವರಿಗೂ ಏನು ಹೇಳುತ್ತಾರೆಂದು ಕಿವಿಗೊಟ್ಟು ಕೇಳಿದ್ದೇನೆ.

ಜೂನ್ 7, ಬುಧವಾರ. ಲೈಬ್ರರಿ, ಊಟದ ಹೊತ್ತು

ಡ್ಯೂಟಿಗೆ ಬರುವ ದಾರಿಯಲ್ಲಿ ಒಬ್ಬಳೇ ಹೋಗಿದ್ದೆ. ಕಾಫಿ ಕುಡಿಯಲೆಂದು. ಸುಮ್ಮನೆ. (ಸುಳ್ಳು. ಇಲ್ಲಿ ಯಾರಿಗೆ ಹೇಳುತ್ತಿದ್ದೇನೆ?)

ದಿನಾ ಬರುವವರ ಆರ್ಡರನ್ನು ಆಂಟಿ ಹಳದಿ ಚೀಟಿಯಲ್ಲಿ ಬರೆದು ಕಾಫಿ ಮೆಷಿನ್ ಮೇಲೆ ಅಂಟಿಸಿಡುತ್ತಾರೆ. ಹೆಸರಿರುವುದಿಲ್ಲ. ಟೇಬಲ್, ಹೊತ್ತು, ತಿಂಡಿ, ಅಷ್ಟೇ. ಒಂದು ಚೀಟಿ: ‘ಕಿಟಕಿ ಪಕ್ಕ, 6:45. ಸ್ಟ್ರಾಂಗ್ ಒಂದು, ಲೈಟ್ ಒಂದು. ಬ್ರೆಡ್ ಎರಡು ಪ್ಲೇಟ್. ಒಂದಕ್ಕೆ ಅಂಚು ಕತ್ತರಿಸಬೇಕು.’

“ಇದು ಯಾರದ್ದು ಆಂಟಿ?”

“ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲ್ಲಮ್ಮ. ಹೇಳ್ತಾ ಕೂತ್ರೆ ನನ್ನ ಅಂಗಡೀಲಿ ಯಾರೂ ಕೂರಲ್ಲ.”

“ಗಂಡನ ವಿಷಯ ಹೆಂಡತಿಗೂ ಹೇಳಲ್ವಾ?”

“ಅದನ್ನಂತೂ ಹೇಳೋದೇ ಇಲ್ಲ,” ಎಂದು ನಕ್ಕು ಕಪ್ ಒರೆಸಲು ಹೋದರು.

ಇವನು ದಿನಾ ಮನೆ ಬಿಡುವುದು ಆರೂಕಾಲಿಗೆ. ಆರೂವರೆಗೆ ಡ್ರೈವಿಂಗ್ ಕಲಿಸುವ ಕ್ಲಾಸ್ ಇದೆ ಎನ್ನುತ್ತಾನೆ.

ಬ್ರೆಡ್ಡಿನ ಅಂಚು ಬಿಟ್ಟು ತಿನ್ನುವವಳು ಹೇಗಿರುತ್ತಾಳೆ? ತೆಳ್ಳಗೆ. ಉದ್ದ ಉಗುರು, ತಿಳಿ ಗುಲಾಬಿ ಬಣ್ಣ. ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲದವಳ ಹಾಗೆ ನಟಿಸುತ್ತಾಳೆ. ನಾನಾದರೋ ಅಂಚು, ಚೂರು, ತಟ್ಟೆಗೆ ಅಂಟಿದ ಬೆಣ್ಣೆ, ಎಲ್ಲ ತಿನ್ನುವವಳು.

ಜೂನ್ 8, ಗುರುವಾರ

ಇವನು ಕೆಲಸ ಮಾಡುವ ಡ್ರೈವಿಂಗ್ ಸ್ಕೂಲಿಗೆ ಫೋನ್ ಮಾಡಿದೆ. ಹೊಸದಾಗಿ ಸೇರುವವಳ ದನಿಯಲ್ಲಿ.

“ಬೆಳಿಗ್ಗೆ ಆರೂವರೆ ಕ್ಲಾಸ್ ಸಿಗುತ್ತಾ ಸರ್?”

“ಎಂಟಕ್ಕೆ ಮುಂಚೆ ನಾವು ಗೇಟೇ ತೆಗೆಯಲ್ಲ ಮೇಡಂ.”

ಥ್ಯಾಂಕ್ಯೂ ಎಂದೆ. ಎಷ್ಟು ನಯವಾಗಿ ಎಂದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದೊಂದೇ, ಎದೆ ಒಡೆದು ಹೋದರೂ ಥ್ಯಾಂಕ್ಯೂ.

ಸಂಜೆ ಅಕ್ಕನಿಗೆ ಫೋನ್. ಹೇಳಿಬಿಡೋಣವೆಂದು. ಬದಲಿಗೆ ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

“ನಿನ್ನ ಹೆಸರು ಎತ್ತಿದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ. ನೀನು ರಿಜಿಸ್ಟರ್ ಮದುವೆ ಆದಾಗಿಂದ ನಮಗೆಲ್ಲ ಕಿವಿ ಹೋಗಿದೆ ಕಣೇ. ಅದಿರಲಿ, ನಿನ್ನ ಹೀರೋ ಹೇಗಿದ್ದಾನೆ?”

“ಸೂಪರ್,” ಎಂದೆ.

ಅಪ್ಪನ ಕನ್ನಡಕದ ಅಂಗಡಿಯ ಮುಂದೆ ಹಾದುಹೋಗುವ ಬಸ್ಸನ್ನೂ ಹತ್ತುವುದಿಲ್ಲ ನಾನು. ಇವನಿಗೋಸ್ಕರ ಆ ಮನೆ ಬಿಟ್ಟು ಬಂದೆ. ಇವನೂ ಸುಳ್ಳಾದರೆ ಯಾವ ಬಾಗಿಲು ತಟ್ಟಲಿ?

ಜೂನ್ 10, ಶನಿವಾರ

ಕಾಫಿ ಶಾಪಿಗೆ ಹೋಗಲಿಲ್ಲ. ತಲೆನೋವೆಂದೆ. ಮನೆಯಲ್ಲೇ ಟೋಸ್ಟ್ ಮಾಡಿ, ನಾಲ್ಕೂ ಅಂಚು ಕತ್ತರಿಸಿ, ಇವನ ಮುಂದಿಟ್ಟು ಮುಖ ನೋಡುತ್ತಾ ಕೂತೆ.

ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. “ಯಾಕೆ, ಹಲ್ಲುನೋವಾ?” ಎಂದ.

ಎಂಥ ನಟ.

ಜೂನ್ 19, ಸೋಮವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಈ ಒಂಬತ್ತು ದಿನದಲ್ಲಿ ಮಾಡಿದ್ದು: ಅಂಗಿ ಮೂಸಿದೆ — ಪೆಟ್ರೋಲು, ಸೋಪು. ಫೋನ್ ನೋಡಿದೆ — ಗೇರ್‌ಬಾಕ್ಸಿನ ಫೋಟೋಗಳು, ನಾನು ನಿದ್ದೆ ಮಾಡುತ್ತಿರುವ ಫೋಟೋಗಳು. ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ. ಇವನೋ ಬಚ್ಚಲಲ್ಲಿ ಹಾಡುತ್ತಾನೆ. ತಪ್ಪು ಮಾಡಿದವರು ಹಾಡುತ್ತಾರಾ? ಹಾಡಬಹುದು.

ನಿನ್ನೆ ನನ್ನ ಹಣೆ ಮುಟ್ಟಿ, “ಸೊರಗಿದ್ದೀಯ ಕಣೇ, ನಾನು ಬೈಸಿಕೊಳ್ಳಬೇಕಾಗುತ್ತೆ,” ಎಂದ. ಯಾರ ಹತ್ತಿರ ಎಂದು ಕೇಳಿದೆ. ಚಪ್ಪಲಿ ಹುಡುಕುವ ನೆಪ.

ನಾಳೆ ಹೋಗುತ್ತೇನೆ. ಅವಳ ಎದುರೇ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಬಯ್ಯಲು ಇಂಗ್ಲಿಷೋ ಕನ್ನಡವೋ ಇನ್ನೂ ನಿರ್ಧರಿಸಿಲ್ಲ.

ಜೂನ್ 20, ಮಂಗಳವಾರ. ಬೆಳಿಗ್ಗೆ 7:20, ಕಾಫಿ ಶಾಪ್

ಬರೆಯದೇ ಇದ್ದರೆ ಅತ್ತುಬಿಡುತ್ತೇನೆ, ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ಕಿಟಕಿಯ ಪಕ್ಕ, ಇವನ ಎದುರು, ನನಗೆ ಬೆನ್ನು ಮಾಡಿ ಕೂತ ತಲೆ ಪೂರ್ತಿ ಬೆಳ್ಳಗಿತ್ತು. ಆ ಸ್ವೆಟರ್ ಹೆಣೆದವಳು ನಾನೇ. ಎಡತೋಳು ಉದ್ದವಾಗಿರುವ ಸ್ವೆಟರ್.

ಅಪ್ಪ.

ಬಾಯಿಪಾಠ ಮಾಡಿದ್ದ ಬೈಗುಳವೆಲ್ಲ ಮರೆತೇಹೋಯಿತು. ಕುರ್ಚಿ ಮಾತ್ರ ಎಳೆದೆ. ಇವನು ಎದ್ದು ನಿಂತ, ಕೂತ, ಮತ್ತೆ ಎದ್ದ. ಅಪ್ಪ ಕಿಟಕಿಯ ಕಡೆ ತಿರುಗಿದರು. ಬಾಯಿಯ ಆಕಾರವೇ ಬೇರೆಯಾಗಿದೆ. ಹಲ್ಲು ಸೆಟ್ ಕಟ್ಟಿಸಿಕೊಂಡಿದ್ದಾರಂತೆ, ಹೊಂದಿಕೊಂಡಿಲ್ಲ, ಬ್ರೆಡ್ಡಿನ ಅಂಚು ಅಗಿಯಲಾಗುವುದಿಲ್ಲ. ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಆಂಟಿ ಬಂದರು. ಅಪ್ಪ ಅವರಿಗೆ ಹೇಳಿದರು: “ಈಗ ಬಂದವರಿಗೆ ಏನು ಬೇಕೋ ಕೇಳಮ್ಮ.”

“ನಿಮ್ಮ ಮಗಳಲ್ವಾ ಸರ್, ನೀವೇ ಕೇಳಿ.”

“ನಾನು ಮಾತಾಡಲ್ಲ ಅಂತ ಹೇಳಿದ್ದೀನಿ ಅವಳಿಗೆ.”

“ಹಾಗಾದ್ರೆ ನಾನು ಕಾಫಿ ಕೊಡಲ್ಲ,” ಎಂದು ಆಂಟಿ ಹೊರಟೇಹೋದರು.

ಅಪ್ಪ ತಮ್ಮ ತಟ್ಟೆಯ ಅರ್ಧ ಬ್ರೆಡ್ಡನ್ನು ನನ್ನ ಕಡೆ ದೂಡಿ, ಎದ್ದು ಒಳಗೆ ಬಾಯಿ ತೊಳೆಯಲು ಹೋದರು. ಆಗ ಇವನು ಪಿಸುಗುಟ್ಟಿದ:

“ಮದುವೆ ಆದ ವಾರವೇ ಸ್ಕೂಲ್ ಗೇಟಲ್ಲಿ ಬಂದು ನಿಂತಿದ್ರು. ಹೊಡೀತಾರೇನೋ ಅಂದುಕೊಂಡೆ. ಸರಿಯಾಗಿ ತಿಂತಾಳಾ ಅಂತ ಕೇಳಿದ್ರು. ಬನ್ನಿ, ಕಾಫಿ ಕುಡೀತಾ ಹೇಳ್ತೀನಿ ಅಂದೆ. ದಿನಾ ಅದೇ ಪ್ರಶ್ನೆ ಕಣೇ. ಏನು ತಿಂದ್ಲು, ಎಷ್ಟು ಹೊತ್ತಿಗೆ ಮಲಗಿದ್ಲು.”

“ನನಗ್ಯಾಕೆ ಹೇಳಲಿಲ್ಲ?”

“ನಿನಗೆ ಗೊತ್ತಾದ ದಿನದಿಂದ ಬರಲ್ಲ ಅಂದಿದ್ರು.”

ಇವತ್ತು ಗೊತ್ತಾಯಿತು. ನಾನೇ ಬಂದು ಹಾಳು ಮಾಡಿದೆ. ಇನ್ನು ನಾಳೆಯಿಂದ ಈ ಟೇಬಲಿಗೆ ಅಪ್ಪ ಬರದಿದ್ದರೆ...

ನಲ್ಲಿ ನಿಂತಿತು. ಹಿತ್ತಲ ಬಾಗಿಲಿನಿಂದ ಹಾಗೇ ಹೋಗಿಬಿಡುತ್ತಾರೆ. ಮಾತು ತಪ್ಪುವವರಲ್ಲ ಅವರು. ತಲೆ ಎತ್ತಿ ನೋಡಲು ಧೈರ್ಯವಿಲ್ಲ. ಬರೆಯುತ್ತಲೇ ಇರುತ್ತೇನೆ. ಹೆಜ್ಜೆ ಸದ್ದು — ಎತ್ತ ಹೋಗುತ್ತಿದೆ ಗೊತ್ತಾಗುತ್ತಿಲ್ಲ — ಕುರ್ಚಿ ಎಳೆದ ಸದ್ದು. ನನ್ನ ಪಕ್ಕದ್ದು.

ಅಪ್ಪನ ದನಿ: “ಬ್ರೆಡ್ ಹಾಗೇ ಇದೆ, ಅದೇನೇ ಬರೀತಾ ಕೂತಿದ್ದೀ—”