ಉಳಿಸಿಟ್ಟ ಹೆಪ್ಪು

ಕಾರ್ಖಾನೆಯ ಹಿಂದಿನ ಮನೆ,
ಹದಿನಾಲ್ಕನೇ ತಾರೀಕು, ಶುಕ್ರವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸುಮ್ಮನೆ ಕೇಳುತ್ತಿಲ್ಲ, ನಿಜ ಹೇಳು. ಹೋದ ವಾರ ಫೋನಿನಲ್ಲಿ ಜ್ವರ, ಹೊಟ್ಟೆ ಸರಿಯಿಲ್ಲ ಎಂದವನು ಆಮೇಲೆ ಫೋನನ್ನೇ ಎತ್ತುತ್ತಿಲ್ಲ. ಆ ಗುಡ್ಡದ ಕಡೆ ಸಿಗ್ನಲ್ ಇಲ್ಲ ಎಂದು ಅಮ್ಮನಿಗೆ ಸಮಾಧಾನ ಹೇಳಿದ್ದೇನೆ, ನನಗೆ ನಾನೇ ಹೇಳಿಕೊಳ್ಳಲು ಆಗುತ್ತಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನೀನು ಬಿಟ್ಟುಹೋದ ಸ್ವೆಟರನ್ನು ಒಗೆದು ಮಡಿಚಿಡುತ್ತಾಳೆ, ಎರಡು ದಿನ ಬಿಟ್ಟು ಮತ್ತೆ ಒಗೆಯುತ್ತಾಳೆ. ಈಗ ಅದು ನಿನ್ನ ಒಂದು ತೋಳಿಗೆ ಬಂದರೆ ಹೆಚ್ಚು.

ನೀನು ಊರೂರು ತಿರುಗಿ ನಮ್ಮ ಕಂಪನಿಯ ಕೀಟನಾಶಕ ಮಾರುವಾಗ ಮಾಡುವ ಆಟ ನನ್ನ ಕಣ್ಣ ಮುಂದೆಯೇ ಇದೆ. ತೋಟದವರ ಎದುರಿಗೆ ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಕಲಸಿ ಗಟಗಟ ಕುಡಿದು, "ನೋಡಿ, ಇದು ವಿಷ ಅಲ್ಲ, ಜೀವ ಇರೋದು, ಹುಳಕ್ಕೆ ಮಾತ್ರ ಕೇಡು" ಎಂದು ಮೀಸೆ ಒರೆಸಿಕೊಳ್ಳುತ್ತೀಯಲ್ಲ, ಅದನ್ನು ನೋಡಿ ನಾನೂ ನಕ್ಕವಳೇ. ಅನುಮತಿ ಕೊಡುವ ಮೊದಲು ಸರ್ಕಾರದ ಪ್ರಯೋಗಾಲಯದವರು ಇಲಿಗೆ ತಿನ್ನಿಸಿ, ಮೀನಿನ ತೊಟ್ಟಿಗೆ ಹಾಕಿ, ಜೇನುಪೆಟ್ಟಿಗೆಯಲ್ಲಿಟ್ಟು ನೋಡಿದ್ದರು. ಯಾವುದಕ್ಕೂ ಏನೂ ಆಗಲಿಲ್ಲ. ಆದರೆ ಅವರು ನೋಡಿದ್ದು ಆವತ್ತಿನ ಪುಡಿಯನ್ನು.

ಒಣಗಿಸಿ ಪುಡಿ ಮಾಡುವ ಪ್ರತಿ ಹೊಸ ಡ್ರಮ್ಮಿಗೂ ಫ್ರಿಜ್ಜಿನಲ್ಲಿರುವ ಮೂಲ ಸೀಸೆಯಿಂದಲೇ ಹುಳ ಕೊಲ್ಲುವ ಬ್ಯಾಕ್ಟೀರಿಯಾ ಹಾಕಬೇಕು ಎಂಬುದು ಅನುಮತಿಯ ಷರತ್ತು. ನಮ್ಮ ಹಿರಿಯ ಮೇಸ್ತ್ರಿಗೆ ಅದೆಲ್ಲ ದಂಡ. ಹಾಲಿಗೆ ನಿನ್ನೆಯ ಮೊಸರು ಬಿಟ್ಟ ಹಾಗೆ ಹಳೆಯ ಡ್ರಮ್ಮಿನಿಂದ ಒಂದು ಚೊಂಬು ಎತ್ತಿಟ್ಟು ಹೊಸದಕ್ಕೆ ಸುರಿಯುತ್ತಾರೆ. ಅವರಿಗೆ ಹೆಪ್ಪಜ್ಜ ಎಂದು ಹೆಸರಿಟ್ಟವನು ನೀನೇ ತಾನೆ! "ಪಳಗಿದ ಕೈ ಮಗಳೇ, ನನ್ನ ಹೆಪ್ಪು ಕೆಡಲ್ಲ" ಎನ್ನುತ್ತಾರೆ, ಪಾಪ. ಕೆಲಸ ಬೇಗ ಆಗುತ್ತದೆಂದು ಮಾಲೀಕರೂ ಸುಮ್ಮನಿದ್ದರು. ಬೇಸಿಗೆಯಿಂದೀಚೆಗೆ ಮೂಲ ಸೀಸೆಯ ಮುಚ್ಚಳ ಯಾರೂ ತೆಗೆದಿಲ್ಲ.

ಈಗ ನನ್ನ ಪರೀಕ್ಷೆಯ ಮೇಜಿನ ಮೇಲೆ ಹುಳಗಳು ಪುಡಿ ಬಳಿದ ಎಲೆ ತಿಂದು ಸಾಯುವ ಬದಲು ಕೊಬ್ಬುತ್ತಿವೆ. ಮೊದಲು ನಗು ಬಂತು. ಆಮೇಲೆ ಪುಡಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದೆ. ನಮ್ಮ ಬ್ಯಾಕ್ಟೀರಿಯಾದ ಬಿಳಿ ಚುಕ್ಕೆ ಅಲ್ಲೊಂದು ಇಲ್ಲೊಂದು. ಉಳಿದ ಜಾಗವೆಲ್ಲ ಬೂದು ಬಣ್ಣದ ಜಿಡ್ಡು, ನಾನು ಯಾವತ್ತೂ ಕಾಣದ್ದು. ಅದರ ವಾಸನೆ ಎಷ್ಟು ತೊಳೆದರೂ ಕೈ ಬಿಡುತ್ತಿಲ್ಲ, ಊಟಕ್ಕೆ ಕೂತರೂ ಬರುತ್ತದೆ. ಮಾಲೀಕರು ಮಾತ್ರ "ಜೀವ ಇರೋ ವಸ್ತು, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ" ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಯಾರಿಗೂ ಹೇಳದೆ ನಾನೇ ಸರ್ಕಾರದ ತಪಾಸಣೆಯ ಅಧಿಕಾರಿಗೆ ಸ್ಯಾಂಪಲ್ ಕಳಿಸಿದೆ. ನಿನ್ನೆ ಆಕೆ ಬಂದಿದ್ದರು. ನಮ್ಮ ಪುಡಿ ತಿಂದ ಅವರ ಇಲಿಗಳು ಮೇವು ಬಿಟ್ಟು ಮೂಲೆ ಸೇರಿವೆಯಂತೆ. ನಮ್ಮನ್ನೆಲ್ಲ ಕರೆದು ಒಂದೇ ಮಾತು ಕೇಳಿದರು, "ಇದು ಯಾರ ಬಾಯಿಗಾದ್ರೂ ಹೋಗಿದೆಯಾ?" ಮಾಲೀಕರು ನಗುತ್ತಲೇ "ಛೆ ಛೆ, ಪುಡಿ ಯಾರು ತಿಂತಾರೆ ಮೇಡಂ?" ಎಂದುಬಿಟ್ಟರು. ಗೇಟಿನವರೆಗೂ ಓಡಿಹೋಗಿ ನಿನ್ನ ಲೋಟದ ಕಥೆ ಹೇಳಿದೆ. ಕಾರಿನ ಬಾಗಿಲು ತೆಗೆದವರು ಮತ್ತೆ ಹಾಕಿ, ನೀನು ಎಲ್ಲಿದ್ದೀಯ ಎಂದು ಕೇಳಿದರು. ಭಯವಾಗುತ್ತಿದೆ ಕಣೋ. ಕಂಪನಿ ಎರಡನೇ ಪರೀಕ್ಷೆ ಕೇಳಿದೆ, ಅದು ಅವರ ಹಕ್ಕಂತೆ. ಅದು ಮುಗಿದು ಮಾರಾಟ ನಿಲ್ಲಿಸುವ ಆದೇಶ ಬರುವವರೆಗೆ ಹೆಪ್ಪಜ್ಜನ ಡ್ರಮ್ಮು ತುಂಬುತ್ತಲೇ ಇರುತ್ತದೆ. ಬೇರೆ ದಾರಿ ಕಾಣದೆ ಈ ಪತ್ರವನ್ನು ನಮ್ಮ ವ್ಯಾನಿನ ಚಾಲಕನ ಕೈಯಲ್ಲೇ ಕಳಿಸುತ್ತಿದ್ದೇನೆ. ಅದೇ ವ್ಯಾನಿನಲ್ಲಿ ಹೊಸ ಡಬ್ಬಿಗಳೂ ಬರುತ್ತಿವೆ, ಒಂದನ್ನೂ ಇಳಿಸಿಕೊಳ್ಳಬೇಡ. ತಕ್ಷಣ ಆಸ್ಪತ್ರೆಗೆ ಹೋಗು. ಹೊಟ್ಟೆನೋವು ಎಂದಷ್ಟೇ ಹೇಳಿ ಮಾತ್ರೆ ತೆಗೆದುಕೊಂಡು ಬರಬೇಡ. ಏನು ಕುಡಿದೆ ಎಂಬುದನ್ನು ನಾಚಿಕೆ ಬಿಟ್ಟು ಹೇಳು.

ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಹುಷಾರಾಗಿ ಮನೆಗೆ ಬಾ, ಬೈಯುವುದೆಲ್ಲ ಬಾಕಿ ಇಟ್ಟಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಾಲಕ ತನ್ನ ಫೋನಿನಲ್ಲಿ ಒಂದು ಫೋಟೊ ತೋರಿಸಿದ, ಹೋದ ಸಲ ನೀನು ಪುಡಿ ಮಾರುವಾಗ ತೆಗೆದದ್ದಂತೆ. ನಡುವೆ ನೀನು ನಗುತ್ತಿದ್ದೀಯ. ಸುತ್ತ ನಿಂತವರ ಕೈಯಲ್ಲೂ ಲೋಟಗಳಿವೆ, ಎಲ್ಲ ಖಾಲಿ. ಒಬ್ಬ ಅಜ್ಜಿ ಕಂಕುಳಲ್ಲಿರುವ ಮಗುವಿಗೂ ಕುಡಿಸುತ್ತಿದ್ದಾಳೆ. ಆಸ್ಪತ್ರೆಗೆ ಒಬ್ಬನೇ ಹೋಗಬೇಡ. ಅವರೆಲ್ಲರ ಮನೆ ನಿನಗೊಬ್ಬನಿಗೇ ಗೊತ್ತು.