ಹೆರಿಗೆ ಕೋಣೆಯ ಬೀರುವಿನ ಮೇಲಿನ ಮೊಹರು

ಮೊಹರು ಹಾಕಿಸಿದ ಮಾನ್ಯರೇ,

ನಮ್ಮ ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ, ಕೈ ತೊಳೆಯುವ ತೊಟ್ಟಿಯ ಪಕ್ಕದಲ್ಲಿ, ಒಂದು ಕಬ್ಬಿಣದ ಬೀರು ಇದೆ. ಅದರೊಳಗೆ ಮುನ್ನೂರ ಹನ್ನೆರಡು ಪ್ಲಾಸ್ಟಿಕ್ ಹಾಳೆಗಳಿವೆ. ಬಾಗಿಲಿಗೆ ಬೀಗ, ಬೀಗದ ಮೇಲೆ ಕಾಗದ, ಕಾಗದದ ಮೇಲೆ ತಮ್ಮ ಆರೋಗ್ಯ ಕಚೇರಿಯ ಮೊಹರು. ಕೋಣೆಯೊಳಗೆ ಬಾಣಂತಿಯರ ರಕ್ತ ಹರಿಯುತ್ತಿದೆ, ಹೊರಗೆ ಅದನ್ನು ಅಳೆಯುವ ಹಾಳೆಗಳು ಏಳು ತಿಂಗಳಿಂದ ಬಂದೋಬಸ್ತಿನಲ್ಲಿ ಕೂತಿವೆ. ಆ ಬೀರು ತೆರೆಸಿ ಎಂದು ತಮಗೆ ಮೂರು ಸಲ ವಿನಯದಿಂದ ಬರೆದೆ. ವಿನಯ ತಮ್ಮ ಮೇಜಿನವರೆಗೂ ತಲುಪುವುದಿಲ್ಲವೆಂದು ಗೊತ್ತಾದ ಮೇಲೆ ಈ ನಾಲ್ಕನೆಯದನ್ನು ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಓದುಗರಿಗಾಗಿ ಒಂದು ಮಾತು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ ಹಾಳೆ ಇದು. ಅದರ ತುದಿ ಚೀಲದಂತಿದೆ, ಚೀಲದ ಮೇಲೆ ಗೆರೆಗಳಿವೆ. ರಕ್ತ ಹಳದಿ ಗೆರೆ ಮುಟ್ಟಿದರೆ ಎಚ್ಚರ, ಕೆಂಪು ಗೆರೆ ಮುಟ್ಟಿದರೆ ಯಾರಪ್ಪಣೆಗೂ ಕಾಯದೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಬೇಕು. ಅಷ್ಟೇ. ಇದರಲ್ಲಿ ಮಂತ್ರವೂ ಇಲ್ಲ, ಯಂತ್ರವೂ ಇಲ್ಲ.

ಇದಕ್ಕೆ ಮುಂಚೆ ನಾವು ಹೇಗೆ ಅಳೆಯುತ್ತಿದ್ದೆವು? ಕಣ್ಣಿನಿಂದ. ನಾನು ಇಲ್ಲಿ ಇಪ್ಪತ್ತೆರಡು ವರ್ಷದಿಂದ ದಾದಿ. ನಮ್ಮ ರಿಜಿಸ್ಟರ್ ತೆರೆದು ನೋಡಿ, ಒಬ್ಬರಾದ ಮೇಲೊಬ್ಬರಿಗೆ ಇನ್ನೂರೈವತ್ತು ಮಿಲಿಲೀಟರ್, ಇನ್ನೂರೈವತ್ತು ಮಿಲಿಲೀಟರ್. ಈ ಊರಿನ ಹೆಂಗಸರೆಲ್ಲ ಮಾತಾಡಿಕೊಂಡು ಬಂದು ಒಂದೇ ಅಳತೆಗೆ ರಕ್ತ ಸುರಿಸಿ ಹೋದಂತಿದೆ! ಕೆಲಸದ ಒತ್ತಡ ಹೆಚ್ಚಿದ್ದ ದಿನ ಹೆರಿಗೆಗೆ ಮೊದಲೇ ಆ ಸಂಖ್ಯೆ ಬರೆದಿಟ್ಟಿದ್ದೂ ಉಂಟು. ಇದು ನಮ್ಮ ತಪ್ಪು, ತಮ್ಮ ತಲೆಗೆ ಕಟ್ಟುವುದಿಲ್ಲ. ಇನ್ನೊಂದು ತಪ್ಪೂ ಇದೆ. ನಮಗೆ ಶುಚಿಯ ಹುಚ್ಚು. ಮನೆಯವರು ಒಳಗೆ ಬರುವ ಮುಂಚೆ ನೆಲ ಒರೆಸಬೇಕು, ಬಟ್ಟೆ ಬದಲಿಸಬೇಕು, ಎಲ್ಲ ಫಳಫಳ ಎನ್ನಬೇಕು. ಒರೆಸಿದ್ದು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಆಗ ತಮ್ಮದೇ ಕಚೇರಿಯ ಅನುಮತಿಯೊಂದಿಗೆ ಸಂಶೋಧಕರು ಈ ಹಾಳೆಗಳನ್ನು ತಂದರು. ಮೊದಲು ಮೂಗು ಮುರಿದವಳು ನಾನೇ. "ನನ್ನ ಕಣ್ಣಿಗಿಂತ ನಿಮ್ಮ ಚೀಲ ದೊಡ್ಡದಾ?" ಎಂದು ಜಗಳಕ್ಕೇ ನಿಂತಿದ್ದೆ. ಮೊದಲ ವಾರ ಅವರು ನನ್ನ ಅಂದಾಜನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಚೀಲದ ಅಳತೆಯನ್ನು ಪಕ್ಕದಲ್ಲಿ ಬರೆದರು. ನಾನು ಇನ್ನೂರೈವತ್ತು ಎಂದ ಕಡೆ ಚೀಲದಲ್ಲಿ ಆರುನೂರು ಇತ್ತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅವತ್ತು ಊಟ ಸೇರಲಿಲ್ಲ. ಒಂದೂವರೆ ವರ್ಷ ಆ ಹಾಳೆಗಳನ್ನು ಬಳಸಿದೆವು. ಆ ಒಂದೂವರೆ ವರ್ಷದಲ್ಲಿ ನಮ್ಮ ಕೋಣೆಯಿಂದ ಒಬ್ಬ ತಾಯಿಯೂ ರಕ್ತಸ್ರಾವದಿಂದ ಹೆಣವಾಗಿ ಹೋಗಲಿಲ್ಲ. ಅದರ ಹಿಂದಿನ ಒಂದೂವರೆ ವರ್ಷದಲ್ಲಿ ನಾಲ್ವರು ಹೋಗಿದ್ದರು. ಆ ನಾಲ್ವರ ಮುಖವೂ ನನಗೆ ನೆನಪಿದೆ.

ಅಧ್ಯಯನ ಮುಗಿಯಿತು. ವರದಿ ತಮಗೆ ಬಂತು. ಮರುವಾರವೇ ತಮ್ಮ ಆದೇಶವೂ ಬಂತು: "ಸಂಶೋಧನಾ ಸಾಮಗ್ರಿಯನ್ನು ದೈನಂದಿನ ಚಿಕಿತ್ಸೆಗೆ ಬಳಸತಕ್ಕದ್ದಲ್ಲ." ಉಳಿದ ಹಾಳೆಗಳು ಬೀರು ಸೇರಿದವು. ಉಗ್ರಾಣದವರು ಮೊಹರು ಅಂಟಿಸುತ್ತಾ, "ನನ್ನ ಬೈಬೇಡಿ ಸಿಸ್ಟರ್, ಮೇಲಿಂದ ಹೇಳಿದ್ದು ಮಾಡ್ತಿದ್ದೀನಿ," ಎಂದರು. ಯಾರನ್ನು ಬೈಯಬೇಕೆಂದು ನನಗೆ ಅವತ್ತೇ ತಿಳಿಯಿತು.

ಮೂರು ವಾರ ಕಳೆದ ಮೇಲೆ ನನ್ನ ಸ್ವಂತ ತಂಗಿ ಅದೇ ಕೋಣೆಗೆ ಹೆರಿಗೆಗೆ ಬಂದಳು. ಮಧ್ಯಾಹ್ನ ಎರಡೂವರೆಗೆ ಹೆಣ್ಣು ಮಗು. ಎಲ್ಲ ಚೆನ್ನಾಗಿತ್ತು. ನಾನೇ ನಿಂತು ಬಟ್ಟೆ ಬದಲು ಮಾಡಿಸಿದೆ, ನೆಲ ಒರೆಸಿಸಿದೆ, ತಂಗಿಯ ಗಂಡ ಒಳಗೆ ಬರುತ್ತಾರಲ್ಲ! ನಮ್ಮ ಕಿರಿಯ ದಾದಿ, ಬಾಯಿ ಮುಚ್ಚದ ಕಾರಣಕ್ಕೆ ನಾವೆಲ್ಲ ಗಿಣಿ ಎಂದು ಕರೆಯುವವಳು, ರಿಜಿಸ್ಟರ್ ಹಿಡಿದು ಕೇಳಿದಳು:

"ಅಕ್ಕಾ, ರಕ್ತ ಎಷ್ಟು ಅಂತ ಬರೀಲಿ?"

"ಮುನ್ನೂರು ಹಾಕೇ. ನಮ್ಮ ಹುಡುಗಿ ಅಲ್ವಾ, ಒಂದು ಕೈ ಜಾಸ್ತೀನೇ ಇರ್ಲಿ," ಎಂದೆ. ನಗುತ್ತಲೇ ಎಂದೆ.

ಹತ್ತು ನಿಮಿಷ ಆಗಿರಬೇಕು. ತಂಗಿ ಹೇಳಿದಳು, "ಅಕ್ಕಾ, ಫ್ಯಾನ್ ಸ್ವಲ್ಪ ಕಮ್ಮಿ ಮಾಡೇ, ಚಳಿ ಆಗ್ತಿದೆ."

ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಹೊದಿಕೆ ಎತ್ತಿ ನೋಡಿದೆ, ಹೊಸದಾಗಿ ಹಾಸಿದ ಬಟ್ಟೆಯೂ ರಕ್ತದಲ್ಲಿ ತೊಯ್ದಿತ್ತು. ಆಮೇಲಿನದನ್ನು ಬರೆಯಲು ಕೈ ಬರುವುದಿಲ್ಲ. ಪುಣ್ಯಕ್ಕೆ ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ಸಂಜೆ ಗಿಣಿ ಆ ಬಟ್ಟೆಗಳನ್ನೆಲ್ಲ ಬುಟ್ಟಿಯಿಂದ ಹೆಕ್ಕಿ, ಮಕ್ಕಳನ್ನು ತೂಗುವ ತಕ್ಕಡಿಯಲ್ಲಿ ತೂಗಿದಳು. ಒಣಬಟ್ಟೆಯ ತೂಕ ಕಳೆದು ಸಾವಿರದ ಮುನ್ನೂರು ಗ್ರಾಂ. ನನ್ನ ಮುಖ ನೋಡದೆ ರಿಜಿಸ್ಟರಿನ ಮುನ್ನೂರನ್ನು ಹೊಡೆದುಹಾಕಿ ಹೊಸ ಸಂಖ್ಯೆ ಬರೆದಳು. ಎಚ್ಚರವಾದ ಮೇಲೆ ತಂಗಿ ನನಗೆ ಹೇಳಿದ್ದು ಒಂದೇ ಮಾತು: "ನೀನಿದ್ದೀಯಲ್ಲ ಅಂತ ನಾನು ಧೈರ್ಯವಾಗಿದ್ದೆ ಕಣೇ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೀರು ಆಕೆಯ ಮಂಚದಿಂದ ಹದಿನಾಲ್ಕು ಹೆಜ್ಜೆ ದೂರವಿತ್ತು, ಮಾನ್ಯರೇ. ಎಣಿಸಿದ್ದೇನೆ.

ಇದನ್ನೆಲ್ಲ ಬರೆದು ಕಳಿಸಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಏಕೈಕ ಉತ್ತರ ಹೀಗಿದೆ: "ಸದರಿ ವಿಧಾನವು ನಮ್ಮ ಪರಿಸ್ಥಿತಿಗೆ ಹೊಂದುವುದೇ ಎಂಬ ಬಗ್ಗೆ ಸ್ಥಳೀಯ ಅಧ್ಯಯನದ ಅಗತ್ಯವಿದೆ." ಸ್ಥಳೀಯ ಎಂದರೆ ಎಷ್ಟು ಸ್ಥಳೀಯ ಸ್ವಾಮಿ? ಅಧ್ಯಯನ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಮೂರು ಮಂಚಗಳ ಮೇಲೆ. ಇದಕ್ಕಿಂತ ಸ್ಥಳೀಯ ಬೇಕಾದರೆ ತಮ್ಮ ಮೇಜಿನ ಮೇಲೆಯೇ ಹೆರಿಗೆ ಮಾಡಿಸಬೇಕಾಗುತ್ತದೆ. ಹೊಸದು ಎಂದು ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷಿಸಿ, ಪ್ರಶ್ನಿಸಿ, ಅದು ತಮ್ಮ ಕೆಲಸ. ಆದರೆ ಪರೀಕ್ಷೆ ಮುಗಿದು ಉತ್ತರ ಕೈಗೆ ಬಂದ ಮೇಲೂ ಅದನ್ನು ಕಡತದಲ್ಲಿ ಮಲಗಿಸುವುದು ಯಾವ ಎಚ್ಚರಿಕೆ? ಅಧ್ಯಯನ ನಡೆಯುವಾಗ ನಮ್ಮ ಹೆಂಗಸರಿಗೆ ಹೊಂದಿದ ಹಾಳೆ ಅದು ಮುಗಿದ ಮರುವಾರ ಹೊಂದದೇ ಹೋಯಿತೇ? ಆ ಹಾಳೆಗಳ ಬಳಕೆಯ ಅವಧಿ ಇನ್ನು ಐದು ತಿಂಗಳಿಗೆ ಮುಗಿಯುತ್ತದೆ. ಆಗ ಸುಟ್ಟುಹಾಕಿ ಎಂಬ ಆದೇಶ ಮಾತ್ರ ತಡಮಾಡದೆ ಬರುತ್ತದೆಂದು ನನಗೆ ಖಾತರಿಯಿದೆ.

ಈಗ ಅವಸರ ಯಾಕೆಂದು ಕೇಳಬಹುದು. ಗಿಣಿ ತುಂಬು ಗರ್ಭಿಣಿ. ಬರುವ ತಿಂಗಳ ಒಂಬತ್ತಕ್ಕೆ ಅವಳ ದಿನ. ಹೆರಿಗೆ ಇದೇ ಕೋಣೆಯಲ್ಲಿ, ನನ್ನ ಪಾಳಿಯಲ್ಲೇ ಆಗಬೇಕೆಂದು ಹಟ ಹಿಡಿದಿದ್ದಾಳೆ. ಮೊನ್ನೆ ರಿಜಿಸ್ಟರಿಗೆ ಗೆರೆ ಎಳೆಯುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ತಲೆಯೆತ್ತಿದಳು.

"ಅಕ್ಕಾ, ನನ್ನದನ್ನ ಎಷ್ಟು ಅಂತ ಬರೆಸ್ತೀರಾ?"

ತಮಾಷೆಗೆ ಕೇಳಿದಳೋ, ಹೆದರಿ ಕೇಳಿದಳೋ ಗೊತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಒಂಬತ್ತನೇ ತಾರೀಖಿಗೆ ಮುಂಚೆ ಆ ಮೊಹರು ತೆಗೆಸಿ, ಹಾಳೆಗಳನ್ನು ಪ್ರತಿ ಹೆರಿಗೆಗೂ ಬಳಸುವಂತೆ ಲಿಖಿತ ಆದೇಶ ಕೊಡಿ. ಎರಡು ಸಾಲು ಸಾಕು. ಬಾರದಿದ್ದರೆ ಎಂಟನೇ ತಾರೀಖು ಬೆಳಿಗ್ಗೆ ಹತ್ತಕ್ಕೆ, ಎಲ್ಲರೆದುರು, ನಾನೇ ಆ ಮೊಹರು ಹರಿದು ಬೀಗ ಒಡೆಯುತ್ತೇನೆ. ನೋಟಿಸನ್ನು ನನ್ನೊಬ್ಬಳ ಹೆಸರಿಗೇ ಕಳಿಸಿ. ಉಗ್ರಾಣದವರನ್ನು ಎಳೆಯಬೇಡಿ, ಗಿಣಿಯನ್ನಂತೂ ಬೇಡವೇ ಬೇಡ. ಅವಳಿಗೆ ಮರುದಿನ ಬೇರೆ ಕೆಲಸವಿರುತ್ತದೆ.

ಇಂತಿ,
ಸ್ವಂತ ತಂಗಿಗೆ ಮುನ್ನೂರು ಎಂದು ಬರೆಸಿದ ಅಕ್ಕ,
ಹೆರಿಗೆ ಕೋಣೆಯ ಹಿರಿಯ ದಾದಿ