ಎರಡನೇ ವರ್ಷದ ಫೀಸು

ಫೆಬ್ರವರಿ 3, ಸಂಜೆ 7
ಇವತ್ತಿನ ನೋಟ್ಸ್ ಓದಿ ಮುಗಿಸಿದೆ. ಭುಜದ ಕೀಲು, ಹನ್ನೊಂದು ಪುಟ. ಟೀಚರಮ್ಮ ಕಣ್ಣು ಮುಚ್ಚಿ ಕೇಳಿದರು. ಒಂದು ಸ್ನಾಯುವಿನ ಹೆಸರು ತಪ್ಪು ಹೇಳಿದೆ — ಕಣ್ಣು ಬಿಡದೆಯೇ ತಿದ್ದಿದರು. ಮೂವತ್ತು ವರ್ಷ ಲೆಕ್ಕ ಕಲಿಸಿದ ಹೆಂಗಸಿಗೆ ನನ್ನ ಫಿಸಿಯೋಥೆರಪಿ ಪೂರ್ತಿ ಬಾಯಿಪಾಠ.

ಕರಾರು ಇಷ್ಟೇ. ಕಾಲೇಜು ಫೀಸು ಅವರದು, ಊಟ ಅವರದು, ತೀರಿಹೋದ ಮಗಳ ಕೋಣೆಯೂ ನನಗೆ. ಬದಲಿಗೆ ದಿನಾ ಸಂಜೆ ಅವತ್ತಿನ ಪಾಠ ಗಟ್ಟಿಯಾಗಿ ಓದಬೇಕು. ಮಗಳದೂ ಇದೇ ಕೋರ್ಸು, ಹಾಗೇ ಓದುತ್ತಿದ್ದಳಂತೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಪುಣ್ಯ ಮಾಡಿದ್ದೆ ಕಣೇ. ಬಾಯ್ಮುಚ್ಕೊಂಡು ಓದು" ಎಂದಳು. ಬಾಯಿ ಮುಚ್ಚಿಕೊಂಡು ಗಟ್ಟಿಯಾಗಿ ಓದುವುದು ಹೇಗೋ, ಅವಳೇ ಹೇಳಬೇಕು.

ಫೆಬ್ರವರಿ 19
"ಕೂದ್ಲು ಹಿಂದಕ್ಕೆ ಎಳೆದು ಕಟ್ಕೊ. ಅವಳು ಹಾಗೇ ಕಟ್ತಿದ್ಲು" ಎಂದರು ಟೀಚರಮ್ಮ. ಕಟ್ಟಿಕೊಂಡೆ. ಜುಟ್ಟಿನಲ್ಲೇನಿದೆ. ಆಮೇಲೆ ಬೀರುವಿನ ಕನ್ನಡಿ ನೋಡಲು ಮಾತ್ರ ಯಾಕೋ ಹೆದರಿಕೆಯಾಯಿತು. ಅದರ ಮೇಲೆ ಟವೆಲ್ ನೇತುಹಾಕಿದ್ದೇನೆ.

ಮಾರ್ಚ್ 11
ಮೂರನೇ ವರ್ಷದ ಫಾರಂ ಬಂದಿದೆ. ಫೀಸು ಕಟ್ಟುವವರ ಸಹಿ ಬೇಕು. ಟೀಚರಮ್ಮನ ಮುಂದಿಟ್ಟೆ. ನೋಡಲಿಲ್ಲ.

"ಮೂರನೇ ವರ್ಷ ಯಾಕೆ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ಅವಳು ಎರಡರಲ್ಲೇ ಹೋದ್ಳಲ್ಲಮ್ಮ. ಮೂರನೇದು ನಂಗೆ ಗೊತ್ತಿಲ್ಲ." ಆಮೇಲೆ ಮೆಲ್ಲಗೆ ನನ್ನ ತಲೆ ಸವರಿದರು. "ಎರಡನೇದೇ ಇನ್ನೊಂದ್ಸಲ ಓದು. ಎಷ್ಟಾದ್ರೂ ಕಟ್ತೀನಿ. ಒಂದು ಪೇಪರ್ ಬಿಟ್ರಾಯ್ತು."

ಆ ಕೈಯನ್ನು ನಾನು ತಳ್ಳಲಿಲ್ಲ.

ಮಾರ್ಚ್ 12, ಮಧ್ಯಾಹ್ನ
ಮೂರನೇ ವರ್ಷದ ಸಾಲಕ್ಕೆಂದು ಬ್ಯಾಂಕಿಗೆ ಕೊಡಲು ದಾಖಲೆ ಕಾಪಿ ಮಾಡಿಸಲು ಹೋಗಿದ್ದೆ. ಕಾಲೇಜು ಗೇಟಿನ ಜೆರಾಕ್ಸ್ ಅಕ್ಕ ವಿಳಾಸ ಓದಿ ಮಷೀನ್ ನಿಲ್ಲಿಸಿದಳು.

"ಟೀಚರಮ್ಮನ ಮನೇನಾ? ನಾನೂ ಆ ಕೋಣೇಲೇ ಇದ್ದೆ. ಎರಡನೇ ವರ್ಷ ಮೂರು ಸಲ ಓದಿದೀನಿ."

"ಯಾಕಕ್ಕಾ?"

"ಯಾರೂ ಕೈಕಾಲು ಕಟ್ಟಿರ್ಲಿಲ್ಲ. ಒಂದೇ ಸಲ ಅಂತ ಪೇಪರ್ ಬಿಟ್ಟೆ. ಆಮೇಲೆ ಪಾಸಾದ್ರೆ ಎಲ್ಲಿಗೆ ಹೋಗ್ಲಿ ಅನ್ನೋ ಭಯ."

"ಮತ್ತೆ ಆ ಮನೆ ಹೇಗೆ ಬಿಟ್ಟೆ?"

"ಅವರೇ ಕಳಿಸಿದ್ರು. ನಂಗೆ ಇಪ್ಪತ್ತೆರಡು ತುಂಬ್ತು. ಅವರ ಮಗಳಿಗೆ ಅದು ತುಂಬ್ಲೇ ಇಲ್ವಲ್ಲ."

ಕಾಪಿ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ. "ಬರೆದು ಪಾಸಾಗು ಮಾರಾಯ್ತಿ. ಮುಂದಿಂದು ಮುಂದೆ ನೋಡ್ಕೊ" ಎಂದಳು.

ಮಾರ್ಚ್ 20
ಬ್ಯಾಂಕಿನವರಿಗೆ ಜಾಮೀನು ಬೇಕಂತೆ. ನಮಗೆ ಯಾರು ಹಾಕುತ್ತಾರೆ. ಅಮ್ಮನಿಗೆ ಎಲ್ಲ ಹೇಳಿದೆ. ಹಿಂದೆ ಗಾರ್ಮೆಂಟ್ಸಿನ ಹೊಲಿಗೆ ಮಷೀನುಗಳ ಸದ್ದು; ಅವಳಿರುವುದೂ ಅಲ್ಲಿನ ಹಾಸ್ಟೆಲಿನಲ್ಲೇ. "ಒಂದು ವರ್ಷ ತಾನೇ... ತಲೆ ಮೇಲೆ ಸೂರಿದೆ, ಹೊಟ್ಟೆಗಿದೆ. ಹೋಗ್ಲಿ ಬಿಡು." ಹೀಗೆಂದದ್ದು ನನ್ನ ಅಮ್ಮನೇ. ಸಿಟ್ಟಿಗೆ ಫೋನ್ ಇಟ್ಟೆ. ಇಟ್ಟ ಮೇಲೆ ಅತ್ತೆ.

ಏಪ್ರಿಲ್ 27, ಬೆಳಿಗ್ಗೆ 8
ಕೊನೆಯ ಪೇಪರ್. ಇಲ್ಲಿಯವರೆಗೆ ಎಲ್ಲ ಚೆನ್ನಾಗಿ ಬರೆದಿದ್ದೇನೆ. ಇದನ್ನೂ ಬರೆಯುತ್ತೇನೆ. ಬೇಕಾದರೆ ರಸ್ತೆ ಗುಡಿಸಿ ಮೂರನೇ ವರ್ಷ ಓದುತ್ತೇನೆ. ಟೀಚರಮ್ಮ ಬಾಗಿಲವರೆಗೆ ಬಂದರು. "ಬೇಗ ಬಾ" ಎಂದರು. ಚೆನ್ನಾಗಿ ಬರಿ ಎನ್ನಲಿಲ್ಲ.

ಏಪ್ರಿಲ್ 27, ಮಧ್ಯಾಹ್ನ 2
ಮೊದಲ ಪ್ರಶ್ನೆ ಮೊಣಕಾಲಿನದು. ಉತ್ತರ ಗೊತ್ತಿತ್ತು. ಆದರೆ ತಲೆಯೊಳಗೆ ಹೇಳುತ್ತಿದ್ದ ದನಿ ನನ್ನದಲ್ಲ, ಟೀಚರಮ್ಮನದು. ರಿಜಿಸ್ಟರ್ ನಂಬರ್ ಬರೆದೆ. ಪಾಸಾದ ಮೇಲಿನ ದಿನ ಕಣ್ಣ ಮುಂದೆ ಬಂತು — ಕೈಯಲ್ಲಿ ಪೆಟ್ಟಿಗೆ, ಬಸ್ ಸ್ಟ್ಯಾಂಡ್, ಬೆಂಚು. ಪೆನ್ನು ಕೆಳಗಿಟ್ಟೆ. "ಹುಷಾರಿಲ್ವೇನಮ್ಮ?" ಎಂದು ಮೇಲ್ವಿಚಾರಕರು ಎರಡು ಸಲ ಕೇಳಿದರು. ಒಂದೇ ಸಲ, ಎಂದುಕೊಂಡೆ. ಅಕ್ಕ ಹೇಳಿದ್ದೂ ಇದೇ ಮಾತು. ಗೊತ್ತಿದ್ದೂ ಖಾಲಿ ಪೇಪರ್ ಕೊಟ್ಟು ಬಂದೆ. ನಾಚಿಕೆಯಾಗುತ್ತಿದೆ.

ಸಂಜೆ 6
ಹೇಳಿದೆ. ಟೀಚರಮ್ಮ ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು ನಕ್ಕರು. ಇಷ್ಟು ಖುಷಿ ನೋಡಿರಲಿಲ್ಲ. ಕಾಲೇಜು ಬಾಗಿಲು ತೆರೆದ ತಕ್ಷಣ ಫೀಸು ಕಟ್ಟುತ್ತಾರಂತೆ. ಆಮೇಲೆ ಏನೋ ನೆನಪಾದವರ ಹಾಗೆ ಕೇಳಿದರು —

"ನಿಂಗೀಗ ಎಷ್ಟು ತುಂಬ್ತು?"

"ಹತ್ತೊಂಬತ್ತು" ಎಂದೆ.

ಬೆರಳು ಮಡಚಿ ಎಣಿಸಿದರು. "ಹಾಗಾದ್ರೆ ಇನ್ನೂ ಟೈಮಿದೆ."

ನನಗೆ ಇಪ್ಪತ್ತು ತುಂಬಿ ಎರಡು ತಿಂಗಳಾಯಿತು. ಯಾರೂ ಸುಳ್ಳು ಹೇಳು ಎನ್ನಲಿಲ್ಲ. ತಾನಾಗಿ ಬಾಯಿಗೆ ಬಂತು. ಒಂದೇ ಸಲ ಎಂದುಕೊಂಡು ಬಂದವಳು, ಇಪ್ಪತ್ತೆರಡಕ್ಕೆ ಇನ್ನೊಂದು ವರ್ಷ ಯಾಕೆ ಉಳಿಸಿಕೊಂಡೆ?